ಹಿಮ್ಮುಖ

ಗಂಡ ಭದ್ರಾವತಿಯಿಂದ ರಾತ್ರಿ ಪಾಳಿ ಮುಗಿಸಿ
ಏಳೂವರೆಗೆ ಬಂದು ಮಲಗುತ್ತಾರೆ.
ಹಾಗಾಗಿ ನಮ್ಮ ಮನೆಯ ಶಾಲೆ
ಪಿಸುಮಾತಿನಲ್ಲಿ ನಡೆಯುತ್ತದೆ.
ಪಾಣಿಪತ್ತಿನ ಮೂರೂ ಯುದ್ಧಗಳನ್ನು
ತುದಿಗಾಲಲ್ಲಿ ಮುಗಿಸಿದೆವು.
ಆನೆಗಳು ಘೀಳಿಡಲಿಲ್ಲ.
ಫಿರಂಗಿಯ ಜಾಗದಲ್ಲಿ ಮಿಕ್ಸಿ ಹಾಕಬಹುದಿತ್ತು,
ಹಾಕಲಿಲ್ಲ. ಚಟ್ನಿ ಒರಳಲ್ಲೇ ಅರೆದೆ.

ಇಬ್ಬರೇ ವಿದ್ಯಾರ್ಥಿಗಳು.
ಹದಿಮೂರರ ಅಮೋಘ, ಹೆಸರಿಗೆ ತಕ್ಕ ಹಾಗೆ
ಹತ್ತು ಗಂಟೆವರೆಗೆ ಅಮೋಘ ನಿದ್ದೆ.
ಹದಿನಾರರ ನಿಮಿಷಾ.
"ಒಂದು ನಿಮಿಷ ಸಿಗಲ್ಲ ಕಣೇ" ಅಂತ
ಅಕ್ಕನ ಹತ್ತಿರ ಫೋನಿನಲ್ಲಿ ಅಂದರೆ
ಒಳಗಿಂದ ಉತ್ತರ: "ಇಲ್ಲೇ ಇದೀನಲ್ಲಮ್ಮ."

ಶಾಲೆ ಯಾಕೆ ಬಿಡಿಸಿದಿರಿ ಅನ್ನುವವರಿಗೆ
ಏಳು ಉತ್ತರ ಇಟ್ಟುಕೊಂಡಿದ್ದೇನೆ, ವಾರಕ್ಕಾಗುವಷ್ಟು.
ಎಂಟನೆಯದು ನಿಮಿಷಾಳದ್ದು, ಅವಳೇ ಹೇಳಬೇಕು.
ಹೇಳಿಲ್ಲ ಇನ್ನೂ. ನಾನೂ ಕೇಳಿಲ್ಲ.
ರೊಟ್ಟಿ ತಟ್ಟುವಾಗ ಪಕ್ಕದಲ್ಲಿ ಬಂದು ನಿಲ್ಲುತ್ತಾಳೆ,
ಅಷ್ಟೇ.

ಫ್ರಿಜ್ಜಿನ ಬಾಗಿಲಿಗೆ ವೇಳಾಪಟ್ಟಿ.
ನಲ್ಲಿ ಬರುವ ದಿನ ಗಣಿತ ಬೇರೆ ಇಲ್ಲ,
ಡ್ರಮ್ಮು ತುಂಬುವುದೇ ಘನಫಲ.
ಹಾಲು ಉಕ್ಕಿದರೆ ಭೌತಶಾಸ್ತ್ರ,
ಒರೆಸಿದರೆ ನೈತಿಕ ಶಿಕ್ಷಣ.
ಪಟ್ಟಿಯಲ್ಲಿ ಇಲ್ಲದ್ದು ಒಂದಿದೆ:
ನಾಲ್ಕೂಕಾಲಿಗೆ "ತರಕಾರಿ ತರ್ತೀನಿ" ಅಂತ
ಚೀಲ ಹಿಡಿದು ಹೊರಟು
ಸವಳಂಗ ರಸ್ತೆ ಪಕ್ಕದ ಬಯಲಲ್ಲಿ
ಡ್ರೈವಿಂಗ್ ಸ್ಕೂಲಿನ ಹಳೇ ಬಸ್ಸು ಹತ್ತುತ್ತೇನೆ.
ಚೀಲದೊಳಗೆ ದಿಂಬು. ನನ್ನ ಕಾಲು ಗಿಡ್ಡ.

ನಲವತ್ತೆರಡಕ್ಕೆ ಹೆವಿ ಲೈಸೆನ್ಸು ಯಾಕೆ?
ಇದಕ್ಕೆ ಒಂದೂ ಉತ್ತರ ಇಟ್ಟುಕೊಂಡಿಲ್ಲ.
ಚಿಕ್ಕವಳಿದ್ದಾಗ ಗೋಪಾಳದ ಸಿಟಿ ಬಸ್ಸಿನಲ್ಲಿ
ರಶ್ಶು ಅಂತ ಎಂಜಿನ್ನಿನ ಮೇಲೆ ಕೂರಿಸಿದ್ದರು.
ಲಂಗದಡಿ ಬಿಸಿ.
ಊರಿಗೆ ಊರೇ ಗಾಜಿನಲ್ಲಿ
ನನ್ನ ಕಡೆಗೇ ಬರುತ್ತಿತ್ತು.

ಮುಂದಕ್ಕೆ ಚೆನ್ನಾಗಿ ಹೋಗುತ್ತೇನೆ.
ಹಿಂದಕ್ಕೆ ಬರುವುದೇ ಆಗುವುದಿಲ್ಲ.
ಮೊದಲ ಟೆಸ್ಟಿನಲ್ಲಿ ಎರಡು ಕಂಬ ಕೆಡವಿದೆ.
"ಮನೆ ಕಡೆ ನೋಡ್ಕೊಳ್ಳಿ ಮೇಡಂ" ಎಂದರು ಇನ್‌ಸ್ಪೆಕ್ಟರು,
ಬೈದದ್ದಲ್ಲ, ಆಕಳಿಸುತ್ತ ಹೇಳಿದ್ದು.
ಅವತ್ತು ಬರುತ್ತ
ನಿಜವಾಗಿಯೂ ಬದನೆಕಾಯಿ ತಂದೆ.

ಮಕ್ಕಳು ದಿನವಿಡೀ ಇರುವ ಮನೆಯಲ್ಲಿ
ಗುಟ್ಟಿಗೆ ಎಲ್ಲಿದೆ ಕಪಾಟು.
ಗುರುವಾರ ಬೆಳಗ್ಗೆ ನೋಡಿದರೆ
ಸಮಾಜ ವಿಜ್ಞಾನದ ಮೇಲೆ ಗೀಟು ಎಳೆದು
ನಿಮಿಷಾಳ ಅಕ್ಷರ: ಅಮ್ಮ, ರಿವರ್ಸ್.
ಅಡುಗೆಮನೆ ನೆಲಕ್ಕೆ ಸೀಮೆಸುಣ್ಣದ ಗೆರೆ,
ಲೋಟಗಳು ಕಂಬ, ಸಾಸಿವೆ ಡಬ್ಬಿ ಬಸ್ಸು.
ಮಂಡಿಯೂರಿ ಕೂತೆ.
"ಹಿಂಭಾಗ ಎಡಕ್ಕೆ ಹೋಗ್ಬೇಕು ಅಂದ್ರೆ
ಸ್ಟೀರಿಂಗೂ ಎಡಕ್ಕೇ. ಎಷ್ಟು ಸಲ ಹೇಳ್ಬೇಕು ನಿಂಗೆ?"
ಅದು ನನ್ನದೇ ದನಿ, ಇದ್ದದ್ದು ಇದ್ದ ಹಾಗೆ.
ಅಷ್ಟೊಂದು ಕೆಟ್ಟದಾಗಿ ಕೇಳಿಸುತ್ತದಾ ಅದು?
ಅಮೋಘ ಲೋಟ ಹಿಡಿದುಕೊಂಡು
ಬಾಯಿ ಮುಚ್ಚಿ ನಕ್ಕ. ಒಳಗೆ ಅಪ್ಪ ಮಲಗಿದ್ದಾರೆ.

ಶನಿವಾರ ಬಯಲಿಗೆ ಇಬ್ಬರೂ ಬಂದರು.
ಎಡಗನ್ನಡಿಯಲ್ಲಿ ಅವನು, ಬಲಗನ್ನಡಿಯಲ್ಲಿ ಅವಳು.
ಹಿಂದೆ ಹಿಂದೆ ಹೋದಷ್ಟೂ
ಇಬ್ಬರೂ ದೊಡ್ಡವರಾಗುತ್ತ ಬಂದರು.
ಬರ್ಲಿ, ಬರ್ಲಿ, ಅಂತಿದ್ದಾನೆ ಅಮೋಘ
ಮನೆಯ ಅಭ್ಯಾಸಕ್ಕೆ ಪಿಸುಗುಡುತ್ತ.
ಕೇಳಿಸ್ತಿಲ್ಲ ಕಣೋ!
ಎಂಜಿನ್ನು ನಡುಗುತ್ತಿದೆ, ದಿಂಬು ಜಾರುತ್ತಿದೆ,
ಬಲಗನ್ನಡಿ ತುಂಬ ಅವಳ ನೀಲಿ ಕುರ್ತಾ.
ವರ್ಷದಿಂದ ದನಿ ಎತ್ತದ ನನ್ನ ಹುಡುಗಿ
ಬಯಲಿಗೆ ಬಯಲೇ ತಿರುಗಿ ನೋಡುವಂತೆ ಕೂಗಿದಳು,
ಹೋಲ್ಡಾನ್!

ನಿಂತೆ.
ಕಂಬಕ್ಕೂ ಬಂಪರಿಗೂ ನಡುವೆ ಒಂದು ಗೇಣು.
ಕುಕ್ಕರಿಗೆ ಅಕ್ಕಿ ಇಟ್ಟಿಲ್ಲ ಅಂತ
ಆಗ ನೆನಪಾಯಿತು.