ಎರಡು ಸುತ್ತಿಗೆ

ಕೋಡಿಬಾಗದ ಗಾಳಿಮರಗಳ ಹಿಂದೆ ಲಾಜಿನ ಕಟ್ಟಡ.
ಭೂತಬಂಗಲೆ ಅನ್ನುತ್ತಿದ್ದರು ಅಜ್ಜಂದಿರು, ಮಕ್ಕಳನ್ನು ಹೆದರಿಸಲು.
ಈಗ ಹೆದರುವವರಿಲ್ಲ;
ಹೆಸರು ನೋಡಿ ಒಳಬಂದು, ಒಂದು ರಾತ್ರಿಗೆ ರೂಮಿಗೆಷ್ಟು
ಎಂದು ಕೇಳುತ್ತಾರೆ ಗೋವೆಯ ಬಸ್ಸು ತಪ್ಪಿದವರು.

ವರ್ಷಕ್ಕೊಮ್ಮೆ, ಅವರ ಊಟದ ರಾತ್ರಿ, ನಮಗೂ ಕರೆ:
ಹಾಡಲು ಸುಲಭಾ ಚಂದಾವರಕರ,
ಪೇಟಿಗೆ ಸದಾಶಿವಗಡದ ಗಜು ಮಾಸ್ತರರು,
ಹಗಲೆಲ್ಲ ಬಂದರದಲ್ಲಿ ಲಾರಿ ತೂಗುವ ನಾನು, ತಬಲಾಕ್ಕೆ.

ಮೊದಲು ಅವರದು ಮುಗಿಯಬೇಕು.
ಮುಚ್ಚಿದ ಬಾಗಿಲ ಹೊರಗೆ
ಮೊಂಡು ಕತ್ತಿಯೊಂದನ್ನು ಮೊಣಕಾಲ ಮೇಲಿಟ್ಟು ಪಾವ್ಲು ಕೂತಿದ್ದಾನೆ.
‘ಒಳಗೆ ಎಂತ ಮಾಡ್ತಾರೆ ಮಾರಾಯ?’
‘ಕುರ್ಚಿ ಇಡೂದು ನಾನು, ತೆಗಿಯೂದು ನಾನು.
ನಡುವಿಂದು ಕೇಳ್ಬೇಡ.’

ಒಳಗೆ ಮೂರು ಪೆಟ್ಟು.
ಹೊರಗೆ ನಾನು, ಕಡಲ ತೇವಕ್ಕೆ ಇಳಿದ ತಬಲಾದ ಗಟ್ಟಕ್ಕೆ
ಟಕ್, ಟಕ್.
ಒಳಗೆ ಮೌನ. ಯಾರೋ ಮರುನುಡಿದರೆಂದುಕೊಂಡರೋ ಏನೋ.
ಪಾವ್ಲು ಎದ್ದ, ಕತ್ತಿ ನನ್ನತ್ತ ತಿರುಗಿಸಿದ,
ಆಮೇಲೆ ನಗು ತಡೆಯಲಾರದೆ ಕೆಮ್ಮಿದ.

ಬಾಗಿಲು ತೆರೆಯಿತು. ನೀಲಿ ಅಂಚಿನ ಏಪ್ರನ್ನು, ಬಿಳಿ ಕೈಚೀಲ,
ಕಸ್ಟಮ್ಸಿನವರು, ವಕೀಲರು, ಮಂಜುಗಡ್ಡೆ ಫ್ಯಾಕ್ಟರಿಯ ಬಾಂದೇಕರರು.
ಆಲಾಪ ಮುಗಿದಾಗ ಚಪ್ಪಾಳೆ ತಟ್ಟಿದರು:
ಹತ್ತಿಯ ಮೇಲೆ ಹತ್ತಿ.
ಕೊಡವಿದ ಹಾಸಿಗೆಯಂಥ ಸದ್ದು.

ಇನಾಸ ಡಿಕಾಸ್ಟ ಇದ್ದಿದ್ದರೆ ಕೈಚೀಲ ಬಿಚ್ಚುತ್ತಿದ್ದ.
ಬೈತಕೋಲಕ್ಕೆ ಹಡಗು ತಂದು ಕಟ್ಟುವ ಪೈಲಟ್ಟು,
ಮುಂದಿನ ಸಾಲು, ತೊಡೆಯ ಮೇಲೆ ತಾಳ.
ತಪ್ಪು ತಾಳ.
ವಿಲಂಬಿತದ ಹನ್ನೊಂದನೆಯ ಮಾತ್ರೆಗೇ ಸಮ ಬಂತೆಂದು
‘ವಾಹ್’ ಅಂದುಬಿಡುತ್ತಿದ್ದ ಪ್ರತಿ ಸಲ.
ಹಡಗಿನವರಿಗೆ ದಡ ಬೇಗ ಕಾಣುತ್ತದಂತೆ, ಹಾಗೆ ಸಮಾಧಾನ ಹೇಳಿದ್ದ.

ಊಟ ಶುರು. ತಟ್ಟೆಯ ಪಕ್ಕ ಮಡಚಿಟ್ಟ ಕೈಚೀಲಗಳು.
ರವೆ ಹಚ್ಚಿ ಹುರಿದ ಇಸವಣ, ಗ್ಲಾಸಿನಲ್ಲಿ ಸೋಲಕಡಿ,
ಶಿರಸಿಯ ವಕೀಲರಿಗೆ ಬೇರೆ ಮೇಜು, ಬೇರೆ ಸಾರು.
ಚಮಚಗಳ ನಡುವೆ ಬಿಹಾಗ.
ಸುಲಭಾಬಾಯಿ ತೀವ್ರ ಮಧ್ಯಮವನ್ನು
ಮೀನಿನ ಮುಳ್ಳು ತೆಗೆದ ಹಾಗೆ
ಮುಟ್ಟಿ ಮುಟ್ಟದೆ ಬಿಡುತ್ತಿದ್ದರು. ಯಾರೂ ತಲೆಯೆತ್ತಲಿಲ್ಲ.

ಒಂಬತ್ತು ಗಂಟೆ.
ಡಾಕ್ಟರ್ ಕೊಳ್ವೇಕರರು ತಮ್ಮ ಪುಟ್ಟ ಸುತ್ತಿಗೆ ಎತ್ತಿ
ಮೇಜಿಗೆ ಒಂದೇ ಪೆಟ್ಟು:
‘ಇಲ್ಲಿಲ್ಲದ ಸಹೋದರರಿಗೆ.’

ನನ್ನ ಬೆರಳಿಗೆ ಮಾತ್ರ ಗೊತ್ತಾಯಿತು.
ಹನ್ನೊಂದರ ಮೇಲೆ ಬಿದ್ದಿತ್ತು.

ಎಲ್ಲರೂ ಎದ್ದರು. ಕುರ್ಚಿಗಳ ಕಾಲು ನೆಲಕ್ಕೆ ತಿಕ್ಕಿದವು.
ತಂಬೂರಿಯೊಂದೇ ನಿಲ್ಲಲಿಲ್ಲ, ಅದಕ್ಕೆ ಯಾರೂ ಹೇಳಿರಲಿಲ್ಲ.
ಸುಲಭಾಬಾಯಿ ನನ್ನ ಕಡೆ ನೋಡಿದರು,
ಅವರಿಗೂ ಆ ‘ವಾಹ್’ ನೆನಪಾಗಿತ್ತು.
ಗ್ಲಾಸುಗಳು ಇಳಿದ ಮೇಲೆ
ನಾನು ಹನ್ನೆರಡನೆಯದನ್ನು ಬಾರಿಸಿದೆ,
ಎಷ್ಟೋ ಹೊತ್ತಿನ ಹನ್ನೆರಡು,
ಅವರು ಮೆಲ್ಲಗೆ ಸಮಕ್ಕೆ ಬಂದು ಕೂತರು.

ನಮ್ಮ ಊಟ ಅಡಿಗೆಮನೆಯಲ್ಲಿ, ಪಾವ್ಲುವಿನ ಜೊತೆ.
ಬಾಲದ ತುಂಡು ನನಗೇ ಹಾಕಿದ.
‘ನೀವಿಬ್ಬರು ಕಣ್ಣಲ್ಲೇ ಎಂತದೋ ಹೇಳ್ಕೊಂಡ್ರಲ್ಲ,
ಅದು ಎಂತ?’
ಕುರ್ಚಿ ನಡುವಿನದು ಅಂದೆ.

ಹಿತ್ತಲಲ್ಲಿ ಅವನ ಹೆಂಡತಿ ನಾಳೆ ಒಗೆಯಲು ಕೈಚೀಲ ಎಣಿಸುತ್ತಿದ್ದಳು.
ಇಪ್ಪತ್ತೆಂಟು ಜೋಡಿ. ಮತ್ತೆ ಎಣಿಸಿದಳು.
ಬಂದವರು ಇಪ್ಪತ್ತೇಳು.