ಎರಡು ಕೆಜಿ ಕ್ಯಾರೆಟ್

ಕಟ್ಟಿನಕೆರೆ ಮಾರ್ಕೆಟ್ಟಿನಿಂದ ಸೊಪ್ಪಿನ ಸಮೇತ ತಂದೆ,
ಮಣ್ಣು ಇನ್ನೂ ಹಸಿ.
ನಲ್ಲಿಯಡಿ ಹಿಡಿದರೆ ಸಿಂಕಿನ ತುಂಬ ಕೆಂಪು ರಾಡಿ.
ಇಷ್ಟೊಂದು ಯಾಕ್ರೀ ಎಂದಳು ಸುಜಯ.
ಅಕ್ಕ ಬಂದಿದಾಳಲ್ಲ ಅಂದೆ.

ಅಕ್ಕ ಬಂದು ಮೂರು ದಿನ.
ವೈರಿನ ಬ್ಯಾಗು, ಅದರಲ್ಲಿ ಎರಡೇ ಸೀರೆ.
ಏನು ಕೇಳಿದರೂ ಊಟ ಆಯ್ತು ಅನ್ನುತ್ತಾಳೆ,
ಕೇಳಿದ್ದು ಊಟದ ವಿಷಯ ಅಲ್ಲದಿದ್ದರೂ.

ಸುದ್ದಿ ಮಾತ್ರ ಅವಳಿಗಿಂತ ಮುಂಚೆ ಬಂದಿತ್ತು,
ಅದಕ್ಕೇನು, ಬಸ್ಸು ಕಾಯಬೇಕಿಲ್ಲ:
ಹದಿನೆಂಟು ವರ್ಷ ಡೈರಿ ಸೆಕ್ರೆಟರಿಯಾಗಿದ್ದ ನಿಂಗಾಜಕ್ಕ
ಕ್ಯಾನಿಗೆ ನೀರು ಬೆರೆಸಿದಳಂತೆ.
ಸಭೆ ಕರೆದರಂತೆ. ಬೀಗದ ಕೈ ಕೇಳಿದರಂತೆ.
ಕೊಟ್ಟಳಂತೆ.

‘ತುರಿಯೋ ಮಣೆ ತತ್ತಾ ಇಲ್ಲಿ.’
ಮೂರು ದಿನದಲ್ಲಿ ಅವಳಾಗಿ ಆಡಿದ ಮೊದಲ ಮಾತು.
ಕಾಲು ಮಡಿಸಿ ನೆಲಕ್ಕೆ ಕೂತಳು.
ಮಿಕ್ಸಿಗೆ ಹಾಕಿದರೆ ಎರಡೇ ನಿಮಿಷ ಎಂದ ಸುಜಯಳ ಕಡೆ
ತಿರುಗಿಯೂ ನೋಡಲಿಲ್ಲ.
ಸರಕ್ಕು ಸರಕ್ಕು
ತಟ್ಟೆಯ ಮೇಲೆ ಕೇಸರಿ ಗುಡ್ಡೆ ಏಳುತ್ತ ಹೋಯಿತು.
ಇದೇ ಕೈ
ಬೆಳಗಿನ ಐದೂವರೆಗೆ ಊರಿನ ಚೊಂಬು, ತಂಬಿಗೆ, ತೂಕುಪಾತ್ರೆಯನ್ನೆಲ್ಲ
ಅಳೆದು ಬರೆದುಕೊಂಡದ್ದು.
ಲ್ಯಾಕ್ಟೋಮೀಟರ್ ಒಡೆದ ದಿನ ಬೆರಳು ಅದ್ದಿ
ಇದು ಬೋರಮ್ಮನ ಎಮ್ಮೇದು, ಮೊನ್ನೆ ಕರ ಸತ್ತದ್ದು, ಪಾಪ,
ಎಂದು ಹೇಳಿದ್ದು.

ಕೊನೆಯ ತುಂಡಿಗೆ ಬೆರಳ ಗೆಣ್ಣು ಮಣೆಗೆ ತಾಗಿತು.
ಬಾಯಿಗಿಟ್ಟು ಚೀಪಿಕೊಂಡಳು, ಅಷ್ಟೆ.

ಒಲೆ ನನ್ನದು.
ದಪ್ಪ ತಳದ ಬಾಣಲೆ ನಮ್ಮಲ್ಲಿಲ್ಲ, ಮೇಲಿನ ಮನೆ ಮೆಹರುನ್ನೀಸಾ ಅವರದು.
ತುಪ್ಪದಲ್ಲಿ ತುರಿ ಬಾಡಿ, ಹಸಿ ವಾಸನೆ ಹೋಗಿ,
ನಾಲ್ಕು ಪ್ಯಾಕೆಟ್ ಹಾಲು.
ಮೂಲೆಯನ್ನು ಹಲ್ಲಿನಲ್ಲಿ ಕಚ್ಚಲು ಹೋದವನ ಕೈಯಿಂದ ಕಸಿದು
ಅಕ್ಕ ಕತ್ತರಿ ಹಾಕಿದಳು.
ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು
ವಾಲಿಸಿ, ಹರಿಯಲು ಬಿಟ್ಟು, ನೋಡಿದಳು
ತುಂಬ ಹೊತ್ತು.
ಹ್ಞೂಂ, ಹಾಕು.

ಹಾಲು ಕುದಿಯಲು ಹತ್ತಿದಾಗ ಕರೆಂಟು ಹೋಯಿತು.
ಲೈನ್‌ಮನ್ ಮನೆಯಲ್ಲೇ ಕತ್ತಲೆ ಅಂತ ಸುಜಯ ನಕ್ಕಳು.
ನನ್ನ ಫೋನು ಬಡಿದುಕೊಂಡಿತು. ಎತ್ತಲಿಲ್ಲ, ಇವತ್ತು ರಜ.
ಗ್ಯಾಸಿನ ನೀಲಿ ಉರಿ, ಅದರ ಮೇಲೆ ಗುಳುಗುಳು ಸದ್ದು,
ತಿರುವಿ ತಿರುವಿ ರಟ್ಟೆ ಸೋತಿತು.
ಇಂಗಿತು ಕೊನೆಗೆ.
ಸೌಟು ಎಳೆದ ಕಡೆ ಬಾಣಲೆಯ ತಳ ಬೈತಲೆಯ ಹಾಗೆ ತೆರೆಯುತ್ತಿತ್ತು.
ಆಯ್ತು, ಅಂದೆ. ಸಕ್ಕರೆ ಸುರಿದೆ.

ಗಳಿಗೆ ಕಳೆದಿಲ್ಲ, ಎಲ್ಲ ನೀರು.
ಗಟ್ಟಿಯಾಗಿದ್ದದ್ದು ಸಡಿಲಾಗಿ, ಅಂಚಿನಲ್ಲೆಲ್ಲ ಜಿನುಗಿ
ಮತ್ತೆ ಗೊಜ್ಜಿನಂತೆ.
ಕೆಟ್ಟೋಯ್ತು ಕಣೆ ಸುಜಯಾ, ಟಾರ್ಚ್ ಹಿಡಿ!

ಅಕ್ಕ ಎದ್ದು ಬಂದು ಬಗ್ಗಿ ನೋಡಿದಳು.
‘ನೋಡ್ಲಾ ಕಾಂತ,’ ಅಂದಳು, ‘ಯಾರೂ ಬೆರೆಸಲಿಲ್ಲ.’
ಸೌಟು ಕಿತ್ತುಕೊಂಡು ತಿರುವತೊಡಗಿದಳು.
‘ನೀನೂ ಬೆರೆಸಲಿಲ್ಲ, ನಾನೂ ಬೆರೆಸಲಿಲ್ಲ. ಒಳಗೇ ಇತ್ತು ಕಣೋ.
ಸಕ್ಕರೆ ಬಿತ್ತು, ಬಿಟ್ಕೊಂತು.’

ಸುಜಯ ಟಾರ್ಚನ್ನು ಗೋಡೆಯ ಕಡೆ ತಿರುಗಿಸಿದಳು.
ನಾನು ಏಲಕ್ಕಿ ಕುಟ್ಟಲು ಕೂತೆ,
ನಾಲ್ಕೇ ಏಲಕ್ಕಿ,
ಬೇಕಾದ್ದಕ್ಕಿಂತ ಜೋರಾಗಿ, ಬೇಕಾದ್ದಕ್ಕಿಂತ ಹೊತ್ತು,
ಮೇಲಿನ ಮನೆಗೆ ಕುಟ್ಟಾಣಿಯ ಸದ್ದು ಬಿಟ್ಟು
ಬೇರೆ ಯಾವುದೂ ಕೇಳದಿರಲಿ ಎಂದು.

ಕರೆಂಟು ಬಂದಾಗ ಹಲ್ವ ಬಾಣಲೆ ಬಿಟ್ಟು ಬರುತ್ತಿತ್ತು,
ಅಂಚಿಗೆ ತುಪ್ಪ ಒಸರಿ.
ತಳ ಒಂಚೂರು ಹಿಡಿದಿತ್ತು, ಅದನ್ನೇ ಕೆರೆದುಕೊಂಡು ತಿಂದಳು ಅಕ್ಕ,
ಮೂಗು ಸೆರಗಿನಲ್ಲಿ ಒರೆಸಿಕೊಂಡು.
ಸಕ್ಕರೆ ಜಾಸ್ತಿಯಾಯ್ತು, ಅಂದಳು.
ಬಾಣಲೆ ಬರಿದೇ ವಾಪಸ್ ಕೊಡಬೇಡ, ಅಂದಳು.
ಆಮೇಲೆ, ಇನ್ನೊಂದು ಚಮಚ ಹಾಕಿಸಿಕೊಳ್ಳುತ್ತಾ:

‘ದುದ್ದದ ಕಡೆ ಮೊದಲ ಬಸ್ಸು ಎಷ್ಟೊತ್ತಿಗೆ?
ಬೀಗದ ಕೈ ಕೊಟ್ಟೆ, ದಿಟ.
ಹದಿನೆಂಟು ವರ್ಷದ ಲೆಕ್ಕದ ಪುಸ್ತಕ
ನನ್ನ ಟ್ರಂಕಿನಾಗೇ ಅದೆ.’