ಹನ್ನೆರಡರಾಗ ನಾಕು

ಹುಬ್ಬಳ್ಳಿ ದವಾಖಾನಿಯಾಗ ಡಾಕ್ಟರಮ್ಮ
ಪೆನ್ನಿನ ಟೊಪ್ಪಿಗಿ ತಗದು ಮೂಗಿಗೆ ಹಿಡಿದರು.
ಹನ್ನೆರಡು ಪೆನ್ನು. ಒಂದೊಂದಕ್ಕ ನಾಕು ಹೆಸರು.
"ಗೊತ್ತಾಗದಿದ್ದರೂ ಒಂದು ಹೇಳ್ರಿ, ನಾಗನೂರ ಅವರ."
ಹೇಳಿದೆ. ಲವಂಗ. ಮೀನ. ಬಾಳಿಹಣ್ಣ.
ದೇವರ ಮುಂದ ಚೀಟಿ ಎತ್ತಿದಾಂಗ.

ನಾಕು ಬಂತು.
"ಕಣ್ಣು ಮುಚ್ಚಿ ಹೇಳಿದರೂ ಮೂರು ಸಿಗತಾವ,"
ಪೆನ್ಸಿಲಿನಿಂದ ಬರಕೊಂತ ಅಂದರು. "ಹೋದ ವರ್ಷಾನೂ ನಾಕ."
ಜ್ವರ ಇದ್ದದ್ದು ಬರೇ ಐದು ದಿನ.

ಬ್ಯಾಡಗಿ ಯಾರ್ಡಿನಾಗ ಇಪ್ಪತ್ತಾರು ವರ್ಷ
ಚೀಲ ಬಿಚ್ಚೂದರಾಗ ಹೇಳತಿದ್ದೆ:
ಇದಕ್ಕ ನೀರು ಹೊಡದಾರ,
ಇದು ಕೋಲ್ಡ್ ಸ್ಟೋರೇಜಿಂದು, ಹೋದ ಸಲದ ಮಾಲು.

ಈಗೂ ಸೀನತೀನಿ, ಕಣ್ಣಾಗ ನೀರು.
"ಗೂಳಪ್ಪಣ್ಣನ ಮೂಗು ಬಂತ್ರೋ!" ಹಮಾಲರು ಕೂಗತಾರ.
ಘಾಟಿನ ನರಾ ಬ್ಯಾರೆ, ವಾಸನಿ ನರಾ ಬ್ಯಾರೆ,
ಯಾರ‍್ಯಾರಿಗಂತ ಬಿಡಿಸಿ ಹೇಳಲಿ?

ಮುಷ್ಟಿ ಮೆಣಸಿನಕಾಯಿ ಮೂಗಿಗೆ ಹಿಡೀತೀನಿ, ಮೊದಲಿನಾಂಗ,
ರೈತ ನೋಡ್ಲಿ ಅಂತ.
ಆಮ್ಯಾಲೆ ಸುಮ್ಮನ ದಾವಲನ ಕೈಗೆ ದಾಟಸತೀನಿ.
ಹತ್ತೊಂಬತ್ತರ ಹುಡುಗ. ಏನೂ ಅನ್ನಂಗಿಲ್ಲ.
ಮುಗ್ಗಲಿದ್ದರ ಅವನ ಎಡಗಡೆ ಹುಬ್ಬು
ಒಂದು ಎಳಿಯಷ್ಟು ಏರತೈತಿ.
ಅಷ್ಟು ನೋಡಿ
ರೇಟು ಬರೀತೀನಿ.